ಪರನಾಡಿನ ಸಂಗೀತವೂ ಶ್ರೋತೃವಿನ ಧರ್ಮವೂ

ಒಂದು ದೇಶದ ಸಂಗೀತಶಾಸ್ತ್ರವನ್ನರಿಯದ ಯಾತ್ರಿಕನು ಆ ದೇಶದ ಮಹಾನಗರದಲ್ಲಿ ನಾಲ್ಕು ದಿನ ತಂಗಿ, ಅಲ್ಲಿಯ ಕಚೇರಿಗಳನ್ನು ಕೇಳಿ, ‘ಪರಮಾನಂದವಾಯಿತು’ ಎಂದರೆ ಆ ಮಾತನ್ನು ನಂಬಬಹುದೆ? ಅದು ರಸಾನುಭವವೋ, ಬರಿಯ ಕುತೂಹಲದ ತೃಪ್ತಿಯೋ? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ಕಂಡರೂ, ಪರರು ಬೆಳೆಸಿದ ಸಂಪತ್ತನ್ನು ಮನುಷ್ಯನು ಯಾವ ಅಧಿಕಾರದಿಂದ ಅನುಭವಿಸುತ್ತಾನೆಂಬ ದೊಡ್ಡ ವಿಚಾರವು ಇದರಲ್ಲಿ ಅಡಗಿದೆ.

ಲಂಡನ್ ನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ 1895ರಲ್ಲಿ ರಾಬರ್ಟ್ ನ್ಯೂಮನ್ ಎಂಬವರು ಕ್ವೀನ್ಸ್ ಹಾಲ್ ಎಂಬ ಮಂದಿರದಲ್ಲಿ, ಹೆನ್ರಿ ವುಡ್ ಅವರ ನೇತೃತ್ವದಲ್ಲಿ, ಪ್ರೊಮೆನೇಡ್ ಕಚೇರಿಗಳನ್ನು ಆರಂಭಿಸಿದರು. ಸಾಮಾನ್ಯ ಜನರೂ ಅಲ್ಪ ಶುಲ್ಕಕ್ಕೆ ಉತ್ತಮ ಸಂಗೀತವನ್ನು ಕೇಳುವಂತಾಗಬೇಕೆಂಬುದು ಉದ್ದೇಶ. 1941ರಲ್ಲಿ ಶತ್ರುವಿಮಾನಗಳ ಬಾಂಬಿಗೆ ಆ ಮಂದಿರವು ನಾಶವಾಯಿತು. ಕಚೇರಿಗಳು ಮಾತ್ರ ಆಲ್ಬರ್ಟ್ ಹಾಲಿಗೆ ಹೋಗಿ ಮುಂದುವರಿದುವು. ಇಂದಿಗೂ ಬೇಸಗೆಯಲ್ಲಿ ಅವು ನಡೆಯುತ್ತವೆ. ವೇದಿಕೆಯ ಎದುರಿನ ನೆಲವು ನಿಂತು ಕೇಳುವವರಿಗೆ ಮೀಸಲು. ಅವರಿಗೆ ದರವೂ ಕಡಿಮೆ. ಜೀವಮಾನವೆಲ್ಲ ಕೇಳಿ ನುರಿತ ಊರಿನವನೂ ನಿನ್ನೆ ಬಂದಿಳಿದ ಪರದೇಶಿಯೂ ಅಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ನಿಲ್ಲುತ್ತಾರೆ. ಬಾಗಿಲು ಇಬ್ಬರಿಗೂ ಒಂದೇ. ಕಿವಿಯೂ ಒಂದೇ ಎನ್ನಬಹುದೆ?

ಎನ್ನಲಾಗದೆಂಬುದು ಪೂರ್ವಪಕ್ಷ. ರಸಾಸ್ವಾದಕ್ಕೆ ಸಹೃದಯನೇ ಅಧಿಕಾರಿ. ಅಭ್ಯಾಸದಿಂದ ಮನಸ್ಸಿನ ಕನ್ನಡಿಯು ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನ ಮತ. ರಾಗದ ಒಂದೇ ಎಳೆಯನ್ನು ಹಿಡಿದು ಬೆಳೆದ ಕಿವಿಗೆ, ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನಡೆಯುವ ಪಾಶ್ಚಾತ್ಯ ವಾದ್ಯಮೇಳವು ಮೊದಲು ಗದ್ದಲವೆಂದೇ ತೋರುವುದು ಸಹಜ. ಅಂಥವನ ಆನಂದವು ಊರಿಗೆ ಮರಳಿ ಹೇಳಿಕೊಳ್ಳುವುದಕ್ಕಾಗಿ ಕೂಡಿಸಿಟ್ಟ ಆನಂದವಲ್ಲವೆ?

ಈ ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ಅಭ್ಯಾಸವಿಲ್ಲದೆ ರಸವು ಪೂರ್ಣವಾಗಿ ಸಿದ್ಧಿಸದು. ಆದರೆ ಅಭ್ಯಾಸಕ್ಕೂ ಒಂದು ಮೊದಲ ದಿನವಿರಲೇಬೇಕಷ್ಟೆ. ಆ ದಿನ ಶ್ರೋತೃವಿಗೆ ಶ್ರದ್ಧೆಯೊಂದೇ ಬಂಡವಾಳ. ಕರ್ಣಾಟಕ ಸಂಗೀತದ ಸಭೆಯಲ್ಲಿ ತಾಳ ಹಾಕುವುದೂ, ತಲೆದೂಗುವುದೂ, ‘ಭಲೆ’ ಎನ್ನುವುದೂ ವಿದ್ವಾಂಸನಿಗೆ ಸಲ್ಲುವ ಮರ್ಯಾದೆ. ಪಾಶ್ಚಾತ್ಯ ಸಭೆಯಲ್ಲಿ ಸಾಮಾನ್ಯವಾಗಿ ಕೃತಿಯು ಪೂರ್ತಿ ಮುಗಿಯುವವರೆಗೆ ಮೌನವೇ ಮರ್ಯಾದೆ. ತನ್ನ ಅಳತೆಗೋಲನ್ನು ಬದಿಗಿಟ್ಟು ಆ ಮೌನದಲ್ಲಿ ಪಾಲುಗೊಂಡವನು ಅಧಿಕಾರದ ಮೊದಲ ಮೆಟ್ಟಿಲನ್ನು ಹತ್ತಿದನೆನ್ನಬೇಕು.

ಎರಡನೆಯ ಮೆಟ್ಟಿಲು ಋಣದ ಅರಿವು. ಇದಕ್ಕೆ ಮೈಸೂರಿನ ಅರಸರೇ ನಿದರ್ಶನ. ಶ್ರೀ ಜಯಚಾಮರಾಜೇಂದ್ರ ಒಡೆಯರು ಪಿಯಾನೋವನ್ನು ಅಭ್ಯಾಸಮಾಡಿದವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರು. ಮುಪ್ಪಿನಲ್ಲಿ ಜನಾದರ ಕುಂದಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರ್ ಅವರ ಕೃತಿಗಳು ಮುದ್ರಿಕೆಗಳಾಗಿ ಉಳಿದದ್ದು ಅವರ ದ್ರವ್ಯಸಹಾಯದಿಂದ. 1949ರಲ್ಲಿ ತೀರಿಕೊಂಡ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಆಲ್ಬರ್ಟ್ ಹಾಲಿನಲ್ಲಿ ಮೊದಲು ಹಾಡಲ್ಪಟ್ಟಾಗಲೂ ವೆಚ್ಚಕ್ಕೆ ಅವರ ಬೆಂಬಲವಿತ್ತು. ಅದೇ ಅರಸರು ‘ಶ್ರೀವಿದ್ಯಾ’ ಅಂಕಿತದಿಂದ ಕರ್ಣಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಪರನಾಡಿನ ನಾದಕ್ಕೆ ಒಲಿದ ಮನಸ್ಸು ಸ್ವದೇಶದ ನಾದಕ್ಕೆ ಕಿವುಡಾಗಲಿಲ್ಲ.

ಎಲ್ಲರೂ ಅರಸರಲ್ಲ, ಯಾತ್ರಿಕನು ತೆರುವುದು ಟಿಕೀಟಿನ ಹಣವಷ್ಟೆ. ತಲೆಮಾರುಗಳ ಸಾಧನೆಯ ಋಣವು ಆ ಹಣದಿಂದ ತೀರತಕ್ಕದ್ದಲ್ಲ. ತೀರುವುದಾದರೆ ಕಿವಿಯಿಂದಲೇ ತೀರಬೇಕು. ಲಂಡನ್ನಿನಲ್ಲಿ ಎರಡು ಗಂಟೆ ಉಸಿರು ಬಿಗಿಹಿಡಿದು ನಿಂತು ಕೇಳಿದವನು, ತನ್ನೂರ ಮದುವೆಯ ಚಪ್ಪರದಲ್ಲಿ ನಾಗಸ್ವರದವನು ತೋಡಿಯನ್ನು ಬೆಳೆಸುತ್ತಿರುವಾಗ ಬೆನ್ನು ತಿರುಗಿಸಿ ಹರಟುತ್ತ ಕುಳಿತರೆ, ಅವನು ಅಲ್ಲಿ ಮನ್ನಿಸಿದ್ದು ನಗರದ ವೈಭವವನ್ನೇ ಹೊರತು ಸಂಗೀತವನ್ನಲ್ಲ. ಹೊರನಾಡಿನಲ್ಲಿ ಕಲಿತ ಮೌನವನ್ನು ಆ ಬಡ ವಾದಕನಿಗೂ ಸಲ್ಲಿಸಿದವನ ಆನಂದವನ್ನು ಮಾತ್ರ ನಿಸ್ಸಂಶಯವಾಗಿ ನಂಬಬಹುದು.