‘ಬಗ್ಗಬ್ಯಾಡ್ರಿ’ ಎಂಬ ಚೀಟಿ

ಮೋರಟಗಿಯ ಸುತ್ತಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಕೀಳುವುದನ್ನು ನೋಡಿದವರಿಗೆ ಗೊತ್ತು, ಅದು ಕೈಯ ಕೆಲಸಕ್ಕಿಂತ ನಡುವಿನ ಕೆಲಸ. ಒಣಗಿ ಬಿರುಕು ಬಿಟ್ಟ ನೆಲದಿಂದ ದಂಟನ್ನು ಬುಡದಲ್ಲಿ ಹಿಡಿದು ಬೇರುಸಹಿತ ಜಗ್ಗಬೇಕು, ಜಗ್ಗಿದ್ದನ್ನು ಪಕ್ಕಕ್ಕೆ ತಿರುಗಿ ಸಾಲಿಗೆ ಹಾಕಬೇಕು. ಬಗ್ಗುವುದು, ಜಗ್ಗುವುದು, ತಿರುಗುವುದು, ಮೂರೂ ಒಂದೇ ಉಸಿರಿನಲ್ಲಿ. ನಮ್ಮ ಓಣಿಯ ಅಕ್ಕ ಒಬ್ಬರಿಗೆ ಸುಗ್ಗಿಯಲ್ಲಿ ಹೀಗೇ ನಡ ಹಿಡಿಯಿತು. ಎರಡು ದಿನದಲ್ಲಿ ನೋವು ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಇಳಿದು ಕಾಲು ಜೋಮು ಹಿಡಿಯತೊಡಗಿತು. ಎಣ್ಣೆ ತಿಕ್ಕಿಸಿದರು. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ನಡುವಿಗೆ ಒದೆಸಿಕೊಂಡರು. ಕೊನೆಗೆ ಸಿಂದಗಿ ದಾಟಿ ವಿಜಯಪುರಕ್ಕೆ ಹೋಗಿ ಎಂಆರ್‌ಐ ಮಾಡಿಸಿ ಬಂದರು. “ನಡದಾಗ ಗ್ಯಾಪ್ ಬಂದದಂತ್ರಿ” ಎನ್ನುವಾಗ ಅವರ ದನಿ ಪೂರಾ ಕುಗ್ಗಿತ್ತು.

ಗ್ಯಾಪ್ ಎಂಬ ಮಾತೇ ಅರ್ಧ ಜೀವ ತೆಗೆಯುತ್ತದೆ. ನಿಜದಲ್ಲಿ ಅಲ್ಲಿ ಎಲುಬಿಗೆ ಬಿರುಕೂ ಬಿದ್ದಿರುವುದಿಲ್ಲ, ಡಿಸ್ಕ್ ಜಾರಿ ಎಲ್ಲಿಗೂ ಹೋಗಿರುವುದಿಲ್ಲ. ಬೆನ್ನೆಲುಬಿನ ಮಣಿಗಳ ನಡುವೆ 23 ಮೆತ್ತೆಗಳಿವೆ, ಅವೇ ಡಿಸ್ಕ್‌ಗಳು. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರುಂಡ ಅಂಟು ತಿರುಳು. ನಾರು ಸವೆದು ಹರಿದಲ್ಲಿ ತಿರುಳು ಹೊರಗೆ ಉಬ್ಬಿ, ಕಾಲಿಗೆ ಇಳಿಯುವ ನರವನ್ನು ಒತ್ತುತ್ತದೆ. ನಡುವಿನ ಕೆಳಗಿನ ಎರಡು ಮೆತ್ತೆಗಳಲ್ಲೇ ಇದು ಹೆಚ್ಚು. ಆಯುರ್ವೇದ ಗೃಧ್ರಸಿ ಎಂದು ಕರೆದ ಈ ಕಾಲುನೋವಿನ ಹಿಂದೆ ಡಿಸ್ಕ್ ಇರಬಹುದೆಂದು ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟದ್ದು 1934ರಲ್ಲಿ, ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು. ಚಿತ್ರ ನೋಡಿ ಹೆದರುವವರು ಇನ್ನೊಂದು ಸಂಗತಿ ತಿಳಿಯಬೇಕು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು! ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ, ಶಸ್ತ್ರಚಿಕಿತ್ಸೆ ಇಲ್ಲದೆಯೇ ನೋವು ತಗ್ಗುತ್ತದೆ. ವಾರಗಟ್ಟಲೆ ಹಾಸಿಗೆ ಹಿಡಿಯುವುದನ್ನೂ ಈಗಿನ ವೈದ್ಯರು ಒಪ್ಪುವುದಿಲ್ಲ. ತಾಳಿಕೊಳ್ಳುವಷ್ಟು ನಡೆಯಿರಿ ಎನ್ನುತ್ತಾರೆ. ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಒಂದು ರಾತ್ರಿಯೂ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಒದೆಸಿಕೊಳ್ಳುವುದಂತೂ ಬೇಡವೇ ಬೇಡ. ನಂಬಿಕೆ ಹಳೆಯದಿರಬಹುದು, ಹರಿದ ನಾರು ಆ ಪೆಟ್ಟನ್ನು ತಾಳಲಾರದು.

ಅಕ್ಕನಿಗೆ ವೈದ್ಯರು ಗುಳಿಗೆ ಕೊಟ್ಟಿದ್ದರು, ವ್ಯಾಯಾಮ ತೋರಿಸಿದ್ದರು. ಜೊತೆಗೆ “ಬಗ್ಗಬ್ಯಾಡ್ರಿ, ವಜ್ಜಾ ಎತ್ತಬ್ಯಾಡ್ರಿ” ಎಂದು ಚೀಟಿಯಲ್ಲಿ ಬರೆದಿದ್ದರು. ಗುಳಿಗೆ ಸಿಂದಗಿಯಲ್ಲೂ ಸಿಗುತ್ತದೆ. ಈ ಮಾತನ್ನು ಎಲ್ಲಿಂದ ತರುವುದು? “ಬಗ್ಗಲಾರದ ಯಾವ ಕೆಲ್ಸ ಅದರಿ ಮನ್ಯಾಗ?” ಎಂದು ಅಕ್ಕ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಸ ಹೊಡೆಯಲು ಬಗ್ಗಬೇಕು, ಸೆಗಣಿ ಬಾಚಲು, ಎಮ್ಮೆಗೆ ನೀರಿಡಲು, ತುಂಬಿದ ಕೊಡ ಎತ್ತಲು, ನೆಲದಲ್ಲಿ ಕುಳಿತು ರೊಟ್ಟಿ ಬಡಿಯಲು ಬಗ್ಗಬೇಕು. ನಮ್ಮ ಮನೆಗಳ ಕೆಲಸವೆಲ್ಲ ನೆಲಮಟ್ಟದಲ್ಲೇ ಇದೆ, ಮತ್ತು ಅದನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ನಮ್ಮ ಮನೆಯಲ್ಲೂ ಹಾಗೇ. ಹೀಗಿರುವಾಗ ವೈದ್ಯರ ಆ ಸಾಲು ಅಕ್ಕನ ಹೆಸರಿನ ಚೀಟಿಯಲ್ಲಿದ್ದರೂ, ಪಾಲಿಸಬೇಕಾದವರು ಮನೆಯ ಉಳಿದವರು. ಪಥ್ಯವೆಂದರೆ ಇಲ್ಲಿ ಉಣ್ಣುವುದರ ಮಾತಲ್ಲ, ಯಾರ ಕೈ ಯಾವ ಕೊಡಕ್ಕೆ ಹೋಗುತ್ತದೆ ಎಂಬುದರ ಮಾತು. ಒಲೆಯನ್ನು ಕಟ್ಟೆಗೇರಿಸಬಹುದು. ದೊಡ್ಡ ಕೊಡದ ಬದಲು ಎರಡು ಸಣ್ಣ ಕೊಡ ತರಬಹುದು. ಬಕೆಟ್ಟನ್ನು ಸ್ಟೂಲಿನ ಮೇಲಿಡಬಹುದು. ಇದಕ್ಕೆಲ್ಲ ಖರ್ಚೂ ಹೆಚ್ಚಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಒಬ್ಬರು ಎದ್ದು ಮಾಡಬೇಕು.

ಮೊನ್ನೆ ಬೆಳಿಗ್ಗೆ ಆ ಮನೆಗೆ ಹೋಗಿದ್ದೆ. ಅಕ್ಕ ಹಿತ್ತಲಲ್ಲಿ ಒಂದೊಂದೇ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದರು. ಕಸಬರಿಗೆಗೆ ಎದೆಮಟ್ಟದ ಬಿದಿರಿನ ಕೋಲು ಬಿಗಿದಿತ್ತು. ಅಂಗಳದ ಕಸ ಹೊಡೆಯುತ್ತಿದ್ದವನು ಅವರ ಹಿರಿಯ ಮಗ. ಮೂಲೆಯಲ್ಲಿ ಇನ್ನೂ ಸ್ವಲ್ಪ ಕಸ ಉಳಿದಿತ್ತು. ಅಕ್ಕ ಅದನ್ನು ನೋಡಿದರು, ಏನೂ ಅನ್ನದೆ ನಡಿಗೆ ಮುಂದುವರಿಸಿದರು.