ಯಾರ ಮೂಗು, ಯಾರ ಸಹಿ

ಎಳೆಗೂಸಿನ ಕಿವಿ ಚುಚ್ಚಿಸುವಾಗ ನಮ್ಮಲ್ಲಿ ಯಾರೂ ಮಗುವನ್ನು ಕೇಳುವುದಿಲ್ಲ. ಕೇಳಲು ಬರುವುದೂ ಇಲ್ಲ. ಅಕ್ಕಸಾಲಿಗರು ಬರುತ್ತಾರೆ, ಸೋದರಮಾವ ಮಗುವನ್ನು ತೊಡೆಯ ಮೇಲೆ ಅದುಮಿ ಹಿಡಿದುಕೊಳ್ಳುತ್ತಾನೆ, ಮಗು ಕಿರುಚುತ್ತದೆ, ಯಾರೋ ಬಾಯಿಗೆ ಸಕ್ಕರೆ ಹಾಕುತ್ತಾರೆ. ಆಮೇಲೆ ಪಾಯಸದ ಊಟ. ಇದಕ್ಕೆ ಕರ್ಣವೇಧ ಎಂಬ ಗೌರವದ ಹೆಸರಿದೆ. ನನ್ನ ಮೂಗು ಚುಚ್ಚಿಸಿದ್ದು ಹನ್ನೊಂದನೇ ವಯಸ್ಸಿನಲ್ಲಿ, ಅರಸೀಕೆರೆಯಲ್ಲಿ, ಬೇಸಿಗೆ ರಜೆಯ ಒಂದು ಬೆಳಿಗ್ಗೆ. ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಮಾತು ಬರುತ್ತಿತ್ತು. ಆದರೂ ಯಾರೂ ಕೇಳಲಿಲ್ಲ. ದೂರು ಹೇಳುತ್ತಿಲ್ಲ. ಮೂಗುಬೊಟ್ಟು ನನಗೆ ಇಷ್ಟ, ಇವತ್ತಿಗೂ ತೆಗೆದಿಲ್ಲ.

ಆದರೆ ಇಲ್ಲಿ ಇಂಗ್ಲೆಂಡಿನಲ್ಲಿ ಹದಿನೈದೂವರೆ ವರ್ಷದ ಮಗಳು "ಅಮ್ಮ, ನಾನು ಸೆಪ್ಟಮ್ ಚುಚ್ಚಿಸಿಕೊಳ್ಳಬೇಕು" ಎಂದಾಗ ನಮ್ಮ ಮನೆಯಲ್ಲಿ ವಾರಗಟ್ಟಲೆ ವಾದ ನಡೆಯಿತು. ಸೆಪ್ಟಮ್ ಎಂದರೆ ಎರಡು ಹೊಳ್ಳೆಗಳ ನಡುವಿನ ಗೋಡೆ. ಅವಳ ಅಪ್ಪನ ಬಾಯಿಂದ ಬಂದ ಮೊದಲ ಮಾತು, "ಅದು ಎತ್ತಿಗೆ ಮೂಗುದಾರ ಹಾಕೋ ಜಾಗ ಕಣೇ!" ನಾವೆಲ್ಲ ನಕ್ಕೆವು. ಆದರೆ ಆ ಮಾತಿನಲ್ಲಿ ಹುರುಳಿದೆ. ಕನ್ನಡದಲ್ಲಿ ಮೂಗುದಾರ ಹಾಕುವುದೆಂದರೆ ಹತೋಟಿಯಲ್ಲಿಡುವುದು. ಪುಂಡ ಹುಡುಗನಿಗೆ ಮದುವೆ ಮಾಡಿದರೆ ಮೂಗುದಾರ ಬಿತ್ತು ಎನ್ನುತ್ತೇವೆ. ದಾರ ಎಂದಮೇಲೆ ಅದನ್ನು ಹಿಡಿಯುವ ಕೈಯೊಂದು ಇರಲೇಬೇಕು. ಮಗಳು ಕೇಳಿದ್ದು ಅದನ್ನೇ: "ನನ್ನ ರಿಂಗ್ ಹಿಡಿದು ಎಳೆಯೋರು ಯಾರಪ್ಪ?"

ಎರಡನೇ ವಾರಕ್ಕೆ ಅವಳು ಜಾಣತನದ ವಾದವೊಂದನ್ನು ತಂದಳು. ಭರತನಾಟ್ಯದ ಆಭರಣಗಳ ಡಬ್ಬಿಯಿಂದ ಬುಲಾಕು ತೆಗೆದು ಊಟದ ಮೇಜಿನ ಮೇಲಿಟ್ಟಳು. ಮೂಗಿನ ನಡುವಿನಿಂದ ತುಟಿಯ ಮೇಲೆ ಇಳಿಬೀಳುವ ಒಡವೆ ಅದು. ಈಗಿನವರದು ಚುಚ್ಚದೆ ಸಿಕ್ಕಿಸಿಕೊಳ್ಳುವಂಥದ್ದು. ನೇಪಾಳದಲ್ಲಿ, ಉತ್ತರಾಖಂಡದ ಬೆಟ್ಟದ ಊರುಗಳಲ್ಲಿ ಹೆಂಗಸರು ನಿಜವಾಗಿಯೇ ಸೆಪ್ಟಮ್ ಚುಚ್ಚಿಸಿಕೊಂಡು ಬುಲಾಕಿ ತೊಡುತ್ತಾರೆ ಎಂದು ಚಿತ್ರಗಳನ್ನೂ ತೋರಿಸಿದಳು. ಅವಳಪ್ಪ ಮೆತ್ತಗಾದರು. "ಹಾಗಾದ್ರೆ ನಮ್ಮ ಸಂಪ್ರದಾಯದಲ್ಲೇ ಇದೆ ಅನ್ನು" ಎಂದರು.

ನನಗೆ ಕಿರಿಕಿರಿಯಾದದ್ದು ಇಲ್ಲಿಯೇ. ಉಂಗುರ ಹಾಕಿಕೊಳ್ಳುವುದು ತಪ್ಪಾಗಿದ್ದರೆ ಯಾವುದೋ ಕಾಲದ ಮುತ್ತಜ್ಜಿ ಹಾಕಿಕೊಂಡಿದ್ದಳೆಂದು ಅದು ಸರಿಯಾಗುವುದಿಲ್ಲ. ತಪ್ಪಲ್ಲದಿದ್ದರೆ ಮುತ್ತಜ್ಜಿಯ ಸಾಕ್ಷಿ ಬೇಕಿಲ್ಲ. ಮಗಳಿಗೆ ಇದು ಬೇಕೆನಿಸಿದ್ದು ಬುಲಾಕು ನೋಡಿಯಲ್ಲ, ಜೊತೆಯವಳೊಬ್ಬಳ ಮೂಗು ನೋಡಿ. ಕೇಳಿದಾಗ ಒಪ್ಪಿಕೊಂಡಳು.

ಇದೇ ತೊಡಕು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯದವರೆಗೂ ಹೋಗಿತ್ತು. 2004ರಲ್ಲಿ ಡರ್ಬನ್ ಗರ್ಲ್ಸ್ ಹೈಸ್ಕೂಲಿನ ಸುನಾಲಿ ಪಿಳ್ಳೈ ಎಂಬ ಹುಡುಗಿ ರಜೆಯಲ್ಲಿ ಮೂಗು ಚುಚ್ಚಿಸಿಕೊಂಡು ಬಂದಳು. ಸೆಪ್ಟಮ್ ಅಲ್ಲ, ನಮ್ಮ ಹಾಗೆ ಹೊಳ್ಳೆಯ ಬೊಟ್ಟು. ಶಾಲೆಯ ನಿಯಮ ಅದನ್ನು ಒಪ್ಪಲಿಲ್ಲ. ಇದು ಫ್ಯಾಷನ್ ಅಲ್ಲ, ದಕ್ಷಿಣ ಭಾರತದಿಂದ ಬಂದ ಮನೆತನದ ಪದ್ಧತಿ ಎಂದು ತಾಯಿ ವಾದಿಸಿದರು. 2007ರಲ್ಲಿ ತೀರ್ಪು ಹುಡುಗಿಯ ಪರವಾಯಿತು. ಕಡ್ಡಾಯವಾದ ಆಚರಣೆಗಷ್ಟೇ ಅಲ್ಲ, ಧರ್ಮ ಅಥವಾ ಸಂಸ್ಕೃತಿಯ ಭಾಗವಾಗಿ ಒಬ್ಬರು ತಾವೇ ಇಷ್ಟಪಟ್ಟು ಪಾಲಿಸುವ ರೂಢಿಗೂ ರಕ್ಷಣೆ ಇದೆ ಎಂದು ನ್ಯಾಯಾಲಯ ಹೇಳಿತು. ಒಳ್ಳೆಯ ತೀರ್ಪು. ಆದರೂ ಆ ಹುಡುಗಿ "ಚೆಂದ ಕಾಣುತ್ತೆ, ಅದಕ್ಕೆ" ಎಂದಷ್ಟೇ ಹೇಳಿದ್ದರೆ? ಆ ವಾದ ನಿಲ್ಲುತ್ತಿರಲಿಲ್ಲ. ತಾರತಮ್ಯದ ಪ್ರಶ್ನೆಯನ್ನು ತೀರ್ಮಾನಿಸುವ ನ್ಯಾಯಾಲಯಕ್ಕೆ ಸಂಸ್ಕೃತಿ ಎಂಬ ಆಧಾರ ಬೇಕು, ಸರಿ. ಮನೆ ನ್ಯಾಯಾಲಯವಲ್ಲ. ಮನೆಯಲ್ಲೂ ಮಕ್ಕಳು ತಮ್ಮ ಆಸೆಗೆ ಅಜ್ಜಿಯ ಸೀರೆ ಸುತ್ತಿ ತರಬೇಕೆಂದರೆ ನಾವು ಅವರಿಗೆ ಕಲಿಸುವುದು ಸಂಪ್ರದಾಯವನ್ನಲ್ಲ, ನೆಪ ಹುಡುಕುವುದನ್ನು.

ಹಾಗಂತ "ನನ್ನ ಮೈ ನನ್ನದು" ಎಂಬ ಮಗಳ ಮಾತನ್ನೂ ನಾನು ಪೂರ್ತಿ ಒಪ್ಪಲಿಲ್ಲ. ಅವಳದೇ, ನಿಜ. ಆದರೆ ಅಪ್ರಾಪ್ತರ ಆಸ್ತಿ ಅವರದೇ ಆಗಿದ್ದರೂ ನೋಡಿಕೊಳ್ಳುವವರು ಬೇರೆ. ಸಿಎ ಓದಿದವಳಿಗೆ ಎಲ್ಲಕ್ಕೂ ಕಾನೂನಿನ ಕಲಮುಗಳೇ ನೆನಪಾಗುತ್ತವೆ, ಓದುಗರು ಸಹಿಸಿಕೊಳ್ಳಬೇಕು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನ ಪ್ರಕಾರ ಮಗುವಿನ ಹೆಸರಿನ ಜಮೀನನ್ನು ಹೆತ್ತ ತಂದೆಯಾದರೂ ಕೋರ್ಟಿನ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ. ಗುತ್ತಿಗೆ ಕೊಡಬಹುದು, ಆದರೆ ಐದು ವರ್ಷ ಮೀರಬಾರದು. ಮಗು ಪ್ರಾಪ್ತವಯಸ್ಕನಾದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಎಳೆಯಲೂಬಾರದು. ಈ ಕಲಮು ನನಗೆ ಬಹಳ ಇಷ್ಟ. ಪೋಷಕರ ಅಧಿಕಾರ ಮಗು ಬೆಳೆದಂತೆಲ್ಲ ಮೊಟಕಾಗುತ್ತದೆ, ಮತ್ತೆ ಸರಿಪಡಿಸಲಾಗದ್ದನ್ನು ಅವರೊಬ್ಬರೇ ತೀರ್ಮಾನಿಸಬಾರದು ಎಂಬ ಎರಡೂ ವಿವೇಕ ಅದರಲ್ಲಿದೆ. ಎರಡು ಗುಂಟೆ ಜಾಗಕ್ಕೆ ಇಷ್ಟು ಕಾವಲಿದ್ದು ಕಿವಿಗೆ ಇಲ್ಲ, ನೋಡಿ!

ಈ ಅಳತೆಗೋಲು ಹಿಡಿದು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ನುರಿತವರು ಸೆಪ್ಟಮ್ ಚುಚ್ಚುವುದು ಗಟ್ಟಿಯಾದ ಮೃದ್ವಸ್ಥಿಗಲ್ಲ, ಅದರ ಮುಂದಿನ ತೆಳು ಚರ್ಮಕ್ಕೆ. ಮಾಯಲು ಕೆಲವು ತಿಂಗಳು. ಬೇಡವೆನಿಸಿ ತೆಗೆದರೆ ತೂತು ಮೂಗಿನ ಒಳಗೇ ಉಳಿಯುತ್ತದೆ, ಹೊರಗಿನವರಿಗೆ ಕಾಣದು. ನನ್ನ ಮೂಗುಬೊಟ್ಟು ತೆಗೆದರೆ ಹೊಳ್ಳೆಯ ಮೇಲೆ ಕಲೆ ಎದ್ದು ಕಾಣುತ್ತದೆ. ಎಂದರೆ ನನಗೆ ಕೇಳದೆ ಮಾಡಿದ್ದು ಹೆಚ್ಚು ಶಾಶ್ವತ, ಅವಳು ಕೇಳಿ ಕೇಳಿ ಸುಸ್ತಾದದ್ದು ಕಡಿಮೆ ಶಾಶ್ವತ. ಹಚ್ಚೆಯ ಮಾತಾಗಿದ್ದರೆ ನಾನು ಬಗ್ಗುತ್ತಿರಲಿಲ್ಲ. ಈ ದೇಶದಲ್ಲಿ 18 ತುಂಬದವರಿಗೆ ಹಚ್ಚೆ ಹಾಕುವುದನ್ನು 1969ರ ಕಾಯ್ದೆಯೇ ತಡೆಯುತ್ತದೆ.

ಮೂಗು ಚುಚ್ಚಿಸಲು ಇಷ್ಟೇ ವಯಸ್ಸಾಗಿರಬೇಕೆಂದು ಇಂಗ್ಲೆಂಡಿನ ಕಾನೂನು ಹೇಳುವುದಿಲ್ಲ, ಅಂಗಡಿಗಳೇ ನಿಯಮ ಮಾಡಿಕೊಂಡಿವೆ. ನಾವು ವಿಚಾರಿಸಿದ ಅಂಗಡಿಯಲ್ಲಿ 16 ತುಂಬದವರ ಜೊತೆ ತಂದೆ ಅಥವಾ ತಾಯಿ ಬಂದು ಸಹಿ ಹಾಕಬೇಕು. ಸಹಿಯ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ. ಆಡಿಟರ್ ಸಹಿ ಹಾಕಿದರೆ ಕಂಪನಿ ಒಳ್ಳೆಯದು, ದುಡ್ಡು ಹಾಕಿ ಎಂದರ್ಥವೆಂದು ಜನ ತಿಳಿದಿದ್ದಾರೆ. ಹಾಗಲ್ಲ. ಲೆಕ್ಕಪತ್ರ ಇದ್ದದ್ದನ್ನು ಇದ್ದಹಾಗೆ ನ್ಯಾಯವಾಗಿ ತೋರಿಸುತ್ತಿದೆ ಎಂಬ ಅಭಿಪ್ರಾಯವಷ್ಟೇ ಅದು. ಕಂಪನಿಯ ವ್ಯಾಪಾರ ಆಡಿಟರಿಗೆ ಹಿಡಿಸಬೇಕಾಗಿಲ್ಲ. ತಾಯಿಯ ಸಹಿಯನ್ನೂ ನಾನು ಹಾಗೆಯೇ ತೆಗೆದುಕೊಂಡೆ. ನನಗೆ ಹಿಡಿಸಿದೆಯೇ ಎಂಬುದಲ್ಲ ಪ್ರಶ್ನೆ, ಇವಳಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿದೆಯೇ ಎಂಬುದು. ಆದ್ದರಿಂದ ಕೇಳಿದೆ: ಎಷ್ಟು ದಿನ ಉಪ್ಪುನೀರಿನಲ್ಲಿ ತೊಳೆಯಬೇಕು, ಕೀವಾದರೆ ಏನು ಮಾಡುತ್ತೀಯ, ಶಾಲೆಯವರು ಏನೆನ್ನುತ್ತಾರೆ, ದುಡ್ಡು ಯಾರದು. ದುಡ್ಡು ಅವಳದೇ, ಶನಿವಾರಗಳಂದು ಬೇಕರಿಯಲ್ಲಿ ದುಡಿದದ್ದು. ಕೀವಿನ ಪ್ರಶ್ನೆಗೆ ಮೊದಲ ಸಲ ತಡವರಿಸಿದಳು, ಎರಡು ವಾರ ಬಿಟ್ಟು ಬಾ ಎಂದೆ. ಬಂದಳು, ಉತ್ತರದ ಜೊತೆಗೆ.

ಗೆಳತಿಯೊಬ್ಬಳು ಆಕ್ಷೇಪಿಸಿದಳು: "ತಾಯಿ ಅಂದ್ರೆ ಆಡಿಟರ್ ಏನೇ? ನಿನಗೆ ಇಷ್ಟವಿಲ್ಲ ಅಂತ ಹೇಳೋ ಹಕ್ಕೂ ಇಲ್ವಾ?" ಇದೆ, ಹೇಳಿದ್ದೇನೆ. ನಿನ್ನ ಮುಖಕ್ಕೆ ಅದು ಒಪ್ಪುವುದಿಲ್ಲ ಎಂದು ಒಂದಲ್ಲ ಮೂರು ಸಲ ಹೇಳಿದ್ದೇನೆ. ಹೇಳುವುದು ಬೇರೆ, ತಡೆಯುವುದು ಬೇರೆ. ಸಹಿ ಕೊಡದೆ ಇದ್ದಿದ್ದರೆ ಆರು ತಿಂಗಳು ಕಾದು ಅವಳೇ ಹೋಗಿ ಚುಚ್ಚಿಸಿಕೊಳ್ಳುತ್ತಿದ್ದಳು. ಆಗ ನನ್ನ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವ ಗರಜು ಅವಳಿಗೆ ಇರುತ್ತಿರಲಿಲ್ಲ.

ಸಹಿ ಹಾಕಿದೆ. ಕುದುರೆ ಲಾಳದ ಆಕಾರದ ಪುಟ್ಟ ಟೈಟೇನಿಯಂ ಉಂಗುರ. ಅದನ್ನು ಮೇಲಕ್ಕೆ ತಿರುಗಿಸಿದರೆ ಮೂಗಿನೊಳಗೆ ಅಡಗಿಬಿಡುತ್ತದೆ. ಶಾಲೆಯಲ್ಲಿ ಹಾಗೆ ಅಡಗಿಸಿಕೊಳ್ಳುತ್ತಾಳೆ, ಅದು ಅಲ್ಲಿಯ ನಿಯಮ, ಅದರ ಬಗ್ಗೆ ತಕರಾರಿಲ್ಲ. ನನಗೆ ಇನ್ನೂ ಬಗೆಹರಿಯದಿರುವುದು ಭಾನುವಾರದ ವಿಡಿಯೋ ಕಾಲ್. ಅರಸೀಕೆರೆಯಿಂದ ನನ್ನ ಅಮ್ಮನ ಮುಖ ಪರದೆಯ ಮೇಲೆ ಮೂಡುವ ಮುನ್ನ ಮಗಳು, ನಾನೇನೂ ಹೇಳದೆಯೇ, ಬೆರಳಿನಿಂದ ಉಂಗುರವನ್ನು ಮೇಲಕ್ಕೆ ದೂಡಿಕೊಳ್ಳುತ್ತಾಳೆ. ಅಜ್ಜಿಯ ಮನಸ್ಸು ನೋಯದಿರಲಿ ಎಂಬ ಮರ್ಯಾದೆ ಅದು ಎನ್ನುತ್ತಾಳೆ. ಇರಬಹುದು. ಆದರೆ ನನ್ನ ಮೂಗು ಚುಚ್ಚಿಸಿದ್ದು ಆ ಅಜ್ಜಿಯೇ. ಇವಳ ಮೂಗಿನ ಸುದ್ದಿಯನ್ನು ಅವಳಿಂದ ಮುಚ್ಚಿಡುವುದು ಎಷ್ಟು ಸರಿ ಎಂದು ನಾನು ಕೇಳಿದಾಗಲೆಲ್ಲ ಮಗಳು, "ಅಜ್ಜಿ ಕೇಳಿದ್ರೆ ಸುಳ್ಳು ಹೇಳಲ್ಲಮ್ಮ, ಕೇಳ್ಲಿ" ಎನ್ನುತ್ತಾಳೆ. ಅಮ್ಮ ಇನ್ನೂ ಕೇಳಿಲ್ಲ.