ಆಪ್ತನು ಯಾರು?

ನ್ಯಾಯಶಾಸ್ತ್ರದವರು ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಸೇರಿಸುತ್ತಾರೆ. ಮನುಷ್ಯನು ತಾನು ಬಲ್ಲುದರಲ್ಲಿ ಬಹುಭಾಗವನ್ನು ಇನ್ನೊಬ್ಬರ ಮಾತಿನಿಂದಲೇ ಪಡೆದವನಾದುದರಿಂದ ಇದು ಯುಕ್ತವೇ ಸರಿ. ಆದರೆ ಎಲ್ಲರ ಮಾತೂ ಪ್ರಮಾಣವಾಗಲಾರದು. ಆಪ್ತನ ಮಾತು ಮಾತ್ರ ಪ್ರಮಾಣ. ಪಾಠಶಾಲೆಯಲ್ಲಿ ಈ ಆಪ್ತನ ಲಕ್ಷಣವನ್ನು ಕಂಠಪಾಠಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿಬಂದ ನನಗೆ ಅದರ ಅರ್ಥವು ಮನಸ್ಸಿಗೆ ಇಳಿದದ್ದು ಅರವತ್ತು ದಾಟಿದ ಮೇಲೆ. ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಪ್ರೋಟೀನ್ ಪುಡಿಯ ಡಬ್ಬಿಯೊಂದನ್ನು ಕೊಡಿಸಬೇಕೆಂದು ಕೇಳಿದ್ದೇ ಅದಕ್ಕೆ ಕಾರಣವಾಯಿತು.

ಹುಡುಗನಿಗೆ ಹದಿನೈದು ವರ್ಷ. ಎದೆಯೂ ತೋಳೂ ತುಂಬಿಬರಬೇಕೆಂಬ ಆಸೆ. ಹಿಂದಿನವರು ಗರಡಿಗೆ ಹೋಗಿ ಉಸ್ತಾದರ ಕಣ್ಣೆದುರಿಗೆ ಸಾಮು ಮಾಡುತ್ತಿದ್ದರು. ಇವನ ಉಸ್ತಾದರು ಮೊಬೈಲ್ ಫೋನಿನೊಳಗೆ ಇದ್ದಾರೆ. ಒಬ್ಬಿಬ್ಬರಲ್ಲ. ಬೆಳಗಿನ ತಿಂಡಿಯನ್ನು ಬಿಡು ಎನ್ನುವನು ಒಬ್ಬ. ದಿನಕ್ಕೆ ಆರು ಸಲ ಉಣ್ಣು ಎನ್ನುವನು ಇನ್ನೊಬ್ಬ. ಆರು ವಾರಗಳಲ್ಲಿ ಹೊಟ್ಟೆಯ ಬೊಜ್ಜನ್ನು ಮಾತ್ರ ಕರಗಿಸಿಕೊಡುವೆನೆನ್ನುವನು ಮತ್ತೊಬ್ಬ. (ಹೊಟ್ಟೆಯನ್ನು ದಂಡಿಸಿದರೆ ಹೊಟ್ಟೆಯ ಕೊಬ್ಬೇ ಮೊದಲು ಕರಗುವುದೆಂಬುದು ಬರಿಯ ಭ್ರಮೆ. ದೇಹವು ತನ್ನ ಲೆಕ್ಕದಂತೆ ಎಲ್ಲ ಕಡೆಯ ಕೊಬ್ಬನ್ನೂ ಖರ್ಚುಮಾಡುತ್ತದೆ.) “ಇವರನ್ನೆಲ್ಲ ಏಕೆ ನಂಬುತ್ತೀಯಪ್ಪ?” ಎಂದೆ. “ಅವರ ಮೈ ನೋಡಿ, ತಾತ” ಎಂದು ಚಿತ್ರವನ್ನು ನನ್ನ ಮುಂದೆ ಹಿಡಿದನು.

ಮೈಯೇನೋ ಇತ್ತು. ಆದರೆ ಹುಡುಗನು ಪ್ರತ್ಯಕ್ಷವೆಂದು ತಿಳಿದುಕೊಂಡದ್ದು ನಿಜವಾಗಿ ಅನುಮಾನ, ಅದೂ ಕಾಲು ಮುರಿದ ಅನುಮಾನ. ಕಣ್ಣಿಗೆ ಕಂಡದ್ದು ಉಬ್ಬಿದ ತೋಳು. ಆ ತೋಳು ಈ ಪುಡಿಯಿಂದಲೇ, ಈ ಕ್ರಮದಿಂದಲೇ ಬಂದಿತೆಂಬುದು ಯಾರ ಕಣ್ಣಿಗೂ ಕಂಡಿಲ್ಲ. ಅದೇ ಕ್ರಮವನ್ನು ಅನುಸರಿಸಿ ಏನೂ ಆಗದೆ ಹೋದವರು, ಬೆನ್ನು ಹಿಡಿದುಕೊಂಡು ಮನೆಯಲ್ಲಿ ಮಲಗಿದವರು ತಮ್ಮ ಚಿತ್ರವನ್ನು ಯಾರಿಗೂ ತೋರಿಸುವುದಿಲ್ಲ. ಇನ್ನೊಂದು ಮಾತೂ ಉಂಟು. ಹದಿನೈದರ ಹುಡುಗನ ಮೈ ತಾನಾಗಿಯೇ ತುಂಬಿಬರುವ ವಯಸ್ಸು ಅದು. ಆ ವರ್ಷದಲ್ಲಿ ಅವನು ಪುಡಿ ಕುಡಿದರೂ ಹೆಗಲು ಅಗಲವಾಗುತ್ತದೆ, ಅಂಬಲಿ ಕುಡಿದರೂ ಆಗುತ್ತದೆ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಇರುವ ಸಂಬಂಧವೇ ಇಲ್ಲಿಯದು. ಬೆಳೆಯುವ ವಯಸ್ಸಿನವರಿಗೆ ಎಲ್ಲ ಉಪದೇಶವೂ ಫಲಿಸಿದಂತೆ ಕಾಣುವುದರಿಂದಲೇ ಅವರನ್ನು ವಂಚಿಸುವುದು ಅಷ್ಟು ಸುಲಭ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಲೋಕವೆಲ್ಲ ಅರಿತ ದೃಷ್ಟಾಂತವೊಂದಿದೆ. ಅಮೆರಿಕದಲ್ಲಿ ಬ್ರಯನ್ ಜಾನ್ಸನ್ ಎಂಬಾತನು ‘ಲಿವರ್ ಕಿಂಗ್’ ಎಂಬ ಹೆಸರಿನಿಂದ ಲಕ್ಷಾಂತರ ಜನಕ್ಕೆ ಗುರುವಾಗಿದ್ದನು. ಪ್ರಾಣಿಗಳ ಹಸಿಯ ಯಕೃತ್ತು ಮುಂತಾದ ಅಂಗಗಳನ್ನು ತಿಂದು ಆದಿಮಾನವನಂತೆ ಬಾಳುವುದೇ ತನ್ನ ದೇಹದ ರಹಸ್ಯವೆಂದು ಸಾರುತ್ತಿದ್ದನು. ಒಣಗಿಸಿದ ಅಂಗಗಳ ಗುಳಿಗೆಗಳ ವ್ಯಾಪಾರವೂ ಜೊತೆಯಲ್ಲಿತ್ತು. ಸ್ಟೆರಾಯ್ಡ್ ಔಷಧಗಳನ್ನು ಮುಟ್ಟಿಲ್ಲವೆಂದವನು ಅವನ ಪತ್ರವ್ಯವಹಾರವು ಹೊರಬಿದ್ದ ಮೇಲೆ, 2022ರ ಡಿಸೆಂಬರಿನಲ್ಲಿ, ಅವನ್ನು ಸೇವಿಸುತ್ತಿದ್ದುದನ್ನು ತಾನೇ ಒಪ್ಪಿಕೊಂಡನು. ದೇಹವು ಸುಳ್ಳಾಗಿರಲಿಲ್ಲ, ದೇಹದ ಕಾರಣವೆಂದು ಹೇಳಿದ ಮಾತು ಸುಳ್ಳಾಗಿತ್ತು.

ಫೋನು ಬಂದು ಲೋಕ ಕೆಟ್ಟಿತೆಂದು ಹೇಳಿ ನಾವು ಮುದುಕರು ಜಾರಿಕೊಳ್ಳುವಂತೆಯೂ ಇಲ್ಲ. ಯೂಜಿನ್ ಸ್ಯಾಂಡೊ 1904-05ರಲ್ಲಿ ಈ ದೇಶದಲ್ಲಿ ಸಂಚರಿಸಿದಾಗ ಜನರು ನೆರೆದದ್ದು ಅವನ ಮೈಯನ್ನು ನೋಡುವುದಕ್ಕೇ. ‘ಶಾಂತಲಾ’ ಕಾದಂಬರಿಯಿಂದ ನಮ್ಮ ಮನೆಗಳಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದವರು. ಅವರೂ ತಮ್ಮ ದೇಹದ ಭಾವಚಿತ್ರಗಳನ್ನು ಪುಸ್ತಕಗಳಲ್ಲಿ ಅಚ್ಚುಹಾಕಿಸಿದ್ದರು. ಆದರೆ ಅಯ್ಯರ್ ಅವರ ಎದುರಿಗೆ ನಿಂತ ಹುಡುಗನ ಮೊಣಕಾಲು ಬಾಗಿದ ಬಗೆಯನ್ನು ಅಯ್ಯರ್ ಅವರು ನೋಡಬಲ್ಲವರಾಗಿದ್ದರು. ಭಾವಚಿತ್ರಕ್ಕೆ ಆ ಶಕ್ತಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಇಷ್ಟನ್ನೂ ಮೊಮ್ಮಗನಿಗೆ ಉತ್ಸಾಹದಿಂದ ಹೇಳುತ್ತ ನಡುವೆ ತಡೆದು ನಿಂತೆನು. ಮೂವತ್ತು ವರ್ಷಗಳ ಹಿಂದಿನ ಸಂಗತಿಯೊಂದು ನೆನಪಿಗೆ ಬಂದಿತು.

ನಾನು ಸಂಸ್ಕೃತವನ್ನು ಬೋಧಿಸುತ್ತಿದ್ದ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಗರಡಿಗೆ ಸೇರಬೇಕೆಂದು ಹಟಹಿಡಿದಿದ್ದನು. ಅವನ ತಂದೆ ನನ್ನಲ್ಲಿ ವಿಶ್ವಾಸವಿದ್ದವರು. ಮಗನನ್ನು ಕರೆದುಕೊಂಡು ಬಂದು ಅಭಿಪ್ರಾಯವನ್ನು ಕೇಳಿದರು. ಬಾಲರೂ ವೃದ್ಧರೂ ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಹದಿನಾರು ತುಂಬದವರು ಬಾಲರೆಂದು ಸುಶ್ರುತನ ವಿಭಾಗ. ಇವೆರಡನ್ನೂ ಜೋಡಿಸಿ ಗಂಭೀರವಾಗಿ ಉಪನ್ಯಾಸಮಾಡಿದೆನು. ಭಾರವೆತ್ತಿದರೆ ಹುಡುಗನು ಕುಳ್ಳಾಗಿ ಉಳಿಯುವನೆಂಬ ಊರ ಮಾತನ್ನೂ, ಅದೂ ಶಾಸ್ತ್ರವೇ ಎಂಬಂತೆ, ಕೊನೆಗೆ ಸೇರಿಸಿದೆನು. ತಂದೆ ಒಪ್ಪಿದರು. ಹುಡುಗನು ಮರುದಿನ ತರಗತಿಯಲ್ಲಿ ಎದ್ದು, “ಹಾಗೆ ಕುಳ್ಳಾದವರನ್ನು ನೀವು ನೋಡಿದ್ದೀರಾ, ಮೇಷ್ಟ್ರೇ?” ಎಂದು ಕೇಳಿದನು. ಅಧಿಕಪ್ರಸಂಗವೆಂದು ಗದರಿಸಿ ಆ ಗಂಟೆಯೆಲ್ಲ ಬೆಂಚಿನ ಮೇಲೆ ನಿಲ್ಲಿಸಿದೆನು.

ನಾನು ನೋಡಿರಲಿಲ್ಲ. ಒಬ್ಬನನ್ನೂ ನೋಡಿರಲಿಲ್ಲ.

ತಕ್ಕವರ ಮೇಲ್ವಿಚಾರಣೆಯಲ್ಲಿ, ತಕ್ಕ ಕ್ರಮದಿಂದ ಭಾರವೆತ್ತುವ ಮಕ್ಕಳ ಬೆಳವಣಿಗೆಯು ಅದರಿಂದ ಕುಂಠಿತವಾಗುವುದಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸ್ಪಷ್ಟವಾಗಿ ಹೇಳಿದೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈದಣಿಸಬೇಕೆಂದೂ, ವಾರಕ್ಕೆ ಮೂರು ದಿನವಾದರೂ ಸ್ನಾಯುಗಳಿಗೂ ಮೂಳೆಗಳಿಗೂ ಬಲಕೊಡುವ ಸಾಧನೆಯು ಅದರಲ್ಲಿ ಸೇರಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಿಧಿಸಿತು. ಅದೇ ವಾಗ್ಭಟನು, ಬಲಶಾಲಿಯಾದವನೂ ಅರ್ಧಶಕ್ತಿಯಿಂದಲೇ ವ್ಯಾಯಾಮ ಮಾಡಬೇಕೆಂದೂ, ಮಿತಿಮೀರಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುವನೆಂದೂ ಹೇಳಿರುವುದು ಇಂದಿಗೂ ಹುಡುಗರ ಕಿವಿಗೆ ಬೀಳಬೇಕಾದ ಮಾತು. ಒಂದೇ ಪ್ರಕರಣದಲ್ಲಿ ಕೊಳ್ಳಬೇಕಾದದ್ದೂ ಬಿಡಬೇಕಾದದ್ದೂ ಇವೆ. ವಿದ್ಯಾರ್ಥಿಯು ಮೊದಲು ಶಾಸ್ತ್ರವನ್ನೂ ಆಮೇಲೆ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ಚರಕನೇ ವಿಮಾನಸ್ಥಾನದಲ್ಲಿ ಹೇಳಿರುವಾಗ, ಪರೀಕ್ಷೆಗೆ ಹೊರಟ ಹುಡುಗನನ್ನು ನಾನು ಬೆಂಚು ಹತ್ತಿಸಿದೆನು.

ಆಪ್ತನಲ್ಲಿ ಮೂರು ಗುಣಗಳಿರಬೇಕೆಂದು ವಾತ್ಸ್ಯಾಯನನ ಭಾಷ್ಯದಿಂದ ತಿಳಿಯುತ್ತದೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು, ಕೇಳುವವನಲ್ಲಿ ದಯೆಯಿರಬೇಕು, ಅರಿತದ್ದನ್ನು ಇದ್ದಂತೆ ತಿಳಿಸುವ ಇಚ್ಛೆಯಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದೂ ಆತನು ಹೇಳುತ್ತಾನೆ. ಲಿವರ್ ಕಿಂಗನಿಗೆ ಅರಿವಿತ್ತು, ಇದ್ದಂತೆ ಹೇಳುವ ಇಚ್ಛೆಯಿರಲಿಲ್ಲ. ನನಗೆ ದಯೆಯೂ ಇತ್ತು, ಸುಳ್ಳು ಹೇಳುವ ಬಯಕೆಯೂ ಇರಲಿಲ್ಲ, ಅರಿವೊಂದು ಇರಲಿಲ್ಲ. ಹುಡುಗನಿಗಾದ ನಷ್ಟದಲ್ಲಿ ಇವೆರಡಕ್ಕೆ ಎಷ್ಟು ಅಂತರವೆಂದು ನಾನು ಬಹಳ ಯೋಚಿಸಿದ್ದೇನೆ.

ಹಿರಿಯರನ್ನು ಪ್ರಶ್ನಿಸುವುದನ್ನು ಕಲಿಸಿದರೆ ಮಕ್ಕಳು ಶ್ರದ್ಧೆಯನ್ನು ಕಳೆದುಕೊಳ್ಳುವರೆಂದು ನನ್ನ ವಯಸ್ಸಿನ ಮಿತ್ರರು ಆಕ್ಷೇಪಿಸುತ್ತಾರೆ. ಆಕ್ಷೇಪವು ನಿರಾಧಾರವಲ್ಲ. ಡಾಕ್ಟರುಗಳೆಲ್ಲ ಸುಳ್ಳರೆಂದು ಸಾರುವ ತರುಣನು ಮರುಕ್ಷಣದಲ್ಲಿ ಅಪರಿಚಿತನೊಬ್ಬನ ಮಾತಿಗೆ ಮರುಳಾಗಿ ಚುಚ್ಚುಮದ್ದಿಗೆ ತೋಳೊಡ್ಡುವುದನ್ನು ಕೇಳಿದ್ದೇನೆ. ಅದು ಪರೀಕ್ಷೆಯಲ್ಲ, ಒಂದು ಕುರುಡುನಂಬಿಕೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡದ್ದು, ಅಷ್ಟೆ. ಆದರೆ ಪ್ರಶ್ನಿಸಿದ್ದಕ್ಕೆ ಬೆಂಚು ಹತ್ತಿದವನು ಪ್ರಶ್ನೆಯನ್ನು ಬಿಡುವುದಿಲ್ಲ. ನಮ್ಮ ಬಳಿಗೆ ತರುವುದನ್ನು ಬಿಡುತ್ತಾನೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣ. ಅವರಿಗೆ ತೆಳ್ಳಗಾಗುವ ಉಪದೇಶ ಬರುತ್ತದೆ. ಊಟವನ್ನು ಬಿಟ್ಟು ಮೈದಣಿಸಿ ಮುಟ್ಟು ನಿಂತರೂ, ಮೂಳೆ ಸವೆಯತೊಡಗಿದರೂ, ಕೇಳುವುದಕ್ಕೆ ಮನೆಯಲ್ಲಿ ಒಬ್ಬರೂ ಇಲ್ಲದಂತಾಗುತ್ತದೆ.

ಡಬ್ಬಿಯ ವಿಷಯ ಹೇಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂಚಿಯಲ್ಲಿ, ಮೈಕಟ್ಟು ಬೆಳೆಸುವುದಕ್ಕಾಗಿ ಪ್ರೋಟೀನ್ ಪುಡಿಗಳನ್ನು ಬಳಸಬಾರದೆಂದಿದೆ. ಅದನ್ನು ಮೊಮ್ಮಗನಿಗೆ ತೋರಿಸಿದೆನು. ಅವನು ನಿಧಾನವಾಗಿ ಓದಿ, “ಪುಡಿ ಮಾರಾಟವಾಗದಿದ್ದರೆ ಇವರಿಗೇನು ಲಾಭ, ತಾತ?” ಎಂದು ಕೇಳಿದನು. ನನಗೆ ಆದ ಸಂತೋಷವನ್ನು ಹೇಳಲಾರೆ. ಇಬ್ಬರೂ ಕೂತು ಯೋಚಿಸಿದೆವು. ಯಾವ ಲಾಭವೂ ಹೊಳೆಯಲಿಲ್ಲ. ಈಗ ಅವನು ಸಂಜೆ ಶಾಲೆಯ ವ್ಯಾಯಾಮದ ಮೇಷ್ಟರ ಬಳಿಗೆ ಹೋಗುತ್ತಾನೆ. ಮನೆಯಲ್ಲಿ ಹುರುಳಿಯ ಸಾರೂ ಕಡಲೆಕಾಳಿನ ಉಸಲಿಯೂ ಹೆಚ್ಚಾಗಿವೆ. ಫೋನನ್ನು ನೋಡುವುದು ನಿಂತಿಲ್ಲ. ಒಮ್ಮೊಮ್ಮೆ ನನಗೂ ತೋರಿಸಿ, “ಇವನು ಏನು ಮಾರುತ್ತಾನೆ, ಹೇಳಿ ನೋಡೋಣ” ಎನ್ನುತ್ತಾನೆ.

ಅಂದು ಬೆಂಚಿನ ಮೇಲೆ ನಿಂತವನು ಈಗ ನಮ್ಮ ಊರಿನ ಪೇಟೆಯಲ್ಲೇ ಬಟ್ಟೆಯ ಅಂಗಡಿಯನ್ನು ಇಟ್ಟಿದ್ದಾನೆ. ನಾನು ಆ ದಾರಿಯಲ್ಲಿ ಹೋದರೆ ಗಿರಾಕಿಗಳ ನಡುವೆಯೂ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಕಳೆದ ತಿಂಗಳು ಹೇಳಿಬಿಡಬೇಕೆಂದೇ ಅಂಗಡಿಯ ಮೆಟ್ಟಿಲನ್ನು ಹತ್ತಿದೆನು. ಒಂದು ಪಂಚೆಯನ್ನು ಕೊಂಡು ಇಳಿದು ಬಂದೆನು.